ಎಲೆ ಬುಕ್ಕು ಮತ್ತು ಪುಟ್ಟತಾಯತ್ತೆ

ನಮ್ಮ ಮನೆಯಲ್ಲಿ ಓದು ಯಾರ ತಲೆಗೂ ಹತ್ತುವುದಿಲ್ಲ ಎಂದು ಹೇಳಿದವಳು ಬೇರೆ ಯಾರೂ ಅಲ್ಲ, ನಮ್ಮ ಪುಟ್ಟತಾಯತ್ತೆ. ಅಪ್ಪನ ಅಕ್ಕ. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಹೇಳಿದ್ದರೆ ಹಟಕ್ಕೆ ಬಿದ್ದು ಓದಬಹುದಿತ್ತು. ಸಾಹುಕಾರರು ಹೇಳಿದ್ದರೆ ಅವರಿಗೇನು ಗೊತ್ತು ನಮ್ಮ ಕಷ್ಟ ಎಂದು ಒಳಗೊಳಗೇ ಬೈದುಕೊಂಡು ಸುಮ್ಮನಾಗಬಹುದಿತ್ತು. ಆದರೆ ಅತ್ತೆ ಹೇಳಿದರೆ ಅದು ನಮ್ಮ ಮನೆಯಲ್ಲಿ ಹವಾಮಾನ ಹೇಳಿದ ಹಾಗೆ. ಯಾರೂ ಎದುರಾಡುತ್ತಿರಲಿಲ್ಲ, ಮಳೆಗೆ ಹೊದೆಯುವ ಕೊಪ್ಪೆ ಹುಡುಕಿಕೊಳ್ಳುತ್ತಿದ್ದರು, ಅಷ್ಟೆ. "ನಮ್ಮಪ್ಪನ್ಗೆ ಹತ್ನಿಲ್ಲ, ನಂಗೆ ಹತ್ನಿಲ್ಲ, ನಿಮ್ಮಪ್ಪ ಇಸ್ಕೂಲ್ಗೆ ಹೋಗಿ ಸ್ಲೇಟ್ ಒಡ್ಕಂಡ್ ಬಂದ. ಇನ್ನು ನಿಂಗೆ ಎಲ್ಲಿಂದ ಹತ್ತದು? ಹಲಸಿನ ಮರದಲ್ಲಿ ಮಾವಿನಕಾಯಿ ಬಿಟ್ಟದಾ?" ಎನ್ನುತ್ತಿದ್ದಳು. ಸಿಟ್ಟಿನಿಂದಲ್ಲ. ಎಲೆ ಅಡಿಕೆ ಮೆಲ್ಲುತ್ತ, ನನ್ನ ತಲೆಯ ಹೇನು ಹೆಕ್ಕುತ್ತ, ಬಹಳ ಪ್ರೀತಿಯಿಂದಲೇ.

ಈಗ ನಾನೂ ಒಂದು ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಮೊನ್ನೆ ಬಿಸಿಯೂಟದ ಅಡುಗೆಮನೆಯಲ್ಲಿ ಒಲೆ ಖಾಲಿಯಿದ್ದಾಗ ಸಣ್ಣ ಪಾತ್ರೆಯಲ್ಲಿ ಮೈದಾ ಹಿಟ್ಟು ಕಲಸಿ ಅಂಟು ಕಾಯಿಸಲು ಇಟ್ಟೆ. ಹಿಟ್ಟು ಗಂಟಾಗದಂತೆ ತಿರುಗಿಸುತ್ತಿದ್ದೆ. ಮೊದಲ ಗುಳ್ಳೆ ಎದ್ದು ಒಡೆದು ಆ ಬೆಚ್ಚನೆಯ, ಸ್ವಲ್ಪ ಹುಳಿ, ಸ್ವಲ್ಪ ಹಸಿವು ಹುಟ್ಟಿಸುವ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈ ನಿಂತುಹೋಯಿತು. ಅಂಟು ತಳ ಹಿಡಿಯಿತು. ಅಡುಗೆಯಕ್ಕ ಬಂದು, "ಎಂತ ಟೀಚರೇ, ಮಕ್ಕಳಿಗೆ ಅಂಟಿನ ಪಾಯಸವಾ?" ಎಂದು ನಕ್ಕಳು. ನಾನೂ ನಕ್ಕೆ. ಅವಳಿಗೆ ಏನು ಹೇಳಲಿ? ನಾನು ಆಗ ಅಲ್ಲಿರಲಿಲ್ಲ. ಸಿದ್ದಾಪುರದಿಂದ ಒಳಗೆ ಹೋಗುವ ಮಣ್ಣು ರಸ್ತೆಯ ಕೊನೆಯ ಒಂದು ಕೋಣೆಯ ಶಾಲೆಯಲ್ಲಿ, ದೇವಕಿ ಟೀಚರ ಮೊಣಕಾಲಿಗೆ ಒರಗಿಕೊಂಡು ಕೂತಿದ್ದೆ.

ನಮ್ಮದು ಪಿರಿಯಾಪಟ್ಟಣದ ಕಡೆಯ ಒಂದು ಹಳ್ಳಿ. ಆದರೆ ನನ್ನ ನೆನಪಿನ ಮನೆ ಅಂದರೆ ಆ ಎಸ್ಟೇಟಿನ ಲೈನು. ಸಾಲಾಗಿ ಅಂಟಿಕೊಂಡ ಮನೆಗಳು. ಒಂದು ಮನೆಯ ಒಗ್ಗರಣೆಗೆ ಮೂರನೇ ಮನೆಯವರು ಸೀನುತ್ತಿದ್ದರು. ಒಂದು ಕಡೆ ತಮಿಳು, ಇನ್ನೊಂದು ಕಡೆ ಮಲಯಾಳ, ನಡುವೆ ನಾವು. ನಲ್ಲಿಯ ಹತ್ತಿರ ಜಗಳವಾದರೆ ಮಾತ್ರ ಎಲ್ಲರೂ ಕನ್ನಡಕ್ಕೆ ಬರುತ್ತಿದ್ದರು. ದೀಪಾವಳಿ ಕಳೆದ ಮೇಲೆ ನಾವು ಊರಿಂದ ಬರುತ್ತಿದ್ದೆವು. ಕಾಫಿ ಹಣ್ಣಾಗುವ ಕಾಲ ಅದು. ಪಿಕ್ಕಿಂಗ್ ಮುಗಿದು, ಕಣದಲ್ಲಿ ಹರಡಿದ ಹಣ್ಣು ಒಣಗಿ ಕಪ್ಪಾಗಿ, ಹೂಮಳೆ ಬಿದ್ದು, ತೋಟವೆಲ್ಲ ಬೆಳ್ಳಗೆ ಹೂವಾಗಿ ಘಮಘಮಿಸುವ ಹೊತ್ತಿಗೆ ಗಂಟುಮೂಟೆ ಕಟ್ಟಿಕೊಂಡು ಯುಗಾದಿಗೆ ಊರಿಗೆ ಹೊರಡುತ್ತಿದ್ದೆವು. ಬಂದಾಗ ಶಾಲೆಯಲ್ಲಿ ಅರ್ಧ ಪಾಠ ಮುಗಿದಿರುತ್ತಿತ್ತು. ಊರಿಗೆ ಹೋದ ಮೇಲೆ ಅಲ್ಲಿ ಆಡು ಕಾಯುವುದು, ತಮ್ಮ ಮಾದೇಶನನ್ನು ಎತ್ತಿಕೊಳ್ಳುವುದು. ಹಾಗಾಗಿ ಪ್ರತಿ ವರ್ಷವೂ ನಾನು ಅ ಆ ಇ ಈಯಿಂದಲೇ ಶುರು ಮಾಡುತ್ತಿದ್ದೆ. ಅಷ್ಟು ಕಲಿಯುವಷ್ಟರಲ್ಲಿ ಹೂಮಳೆ ಬಂದುಬಿಡುತ್ತಿತ್ತು. ಕಾಫಿ ಹೂವಿನ ವಾಸನೆಯನ್ನು ಜನ ಎಷ್ಟು ಹೊಗಳುತ್ತಾರೆ! ನನಗೆ ಮಾತ್ರ ಆ ವಾಸನೆ ಬಂದರೆ ಈಗಲೂ ಏನೋ ಕೈ ಬಿಟ್ಟುಹೋದ ಹಾಗೆ ಆಗುತ್ತದೆ.

ಪುಟ್ಟತಾಯತ್ತೆ ನಮ್ಮ ಗುಂಪಿನ ಮೇಸ್ತ್ರಿ. ಹೆಂಗಸರನ್ನು ಊರಿಂದ ಕರೆತರುವವಳು, ಸಾಲು ಹಂಚುವವಳು, ಯಾರು ಬುಟ್ಟಿಯ ತಳಕ್ಕೆ ಹಸಿರು ಕಾಯಿ ತುಂಬಿ ಮೇಲೆ ನಾಲ್ಕು ಕೆಂಪು ಹಣ್ಣು ಹರಡಿದ್ದಾರೆ ಎಂದು ನಿಂತಲ್ಲಿಂದಲೇ ಹೇಳುವವಳು. ಗಂಡ ಎಂದೋ ಬಿಟ್ಟುಹೋಗಿದ್ದ. ಅದರ ಬಗ್ಗೆ ಮನೆಯಲ್ಲಿ ಮಾತಿರಲಿಲ್ಲ. ಎತ್ತರದ ಹೆಂಗಸು, ಕಾಫಿ ಹಣ್ಣಿನ ರಸ ಕುಡಿದು ಕಪ್ಪಾದ ದೊಡ್ಡ ಅಂಗೈ. ಆ ಕೈಯಲ್ಲಿ ಒಂದು ಏಟು ಬಿದ್ದರೆ ಅಳುವುದಕ್ಕೂ ಮೊದಲು ಒಂದು ಕ್ಷಣ ಯೋಚನೆ ಮಾಡಬೇಕಾಗುತ್ತಿತ್ತು. ಅವಳು ಲೈನಿನ ಅಂಗಳಕ್ಕೆ ಕಾಲಿಟ್ಟರೆ ಮಕ್ಕಳು ಮೂಗು ಒರೆಸಿಕೊಳ್ಳುತ್ತಿದ್ದವು.

ದೇವಕಿ ಟೀಚರು ಭಾಗಮಂಡಲದ ಕಡೆಯವರು, ಮನೆಯಲ್ಲಿ ಅರೆಭಾಷೆ ಮಾತಾಡುವವರು. ಆ ವರ್ಷ ಸಾಹುಕಾರರ ಬಂಗಲೆಯಲ್ಲಿ ಮೊಮ್ಮಕ್ಕಳ ಹಳೆಯ ಸಾಮಾನುಗಳನ್ನೆಲ್ಲ ಹೊರಗೆ ಹಾಕಿದಾಗ ಅವರು ಹೋಗಿ ಒಂದು ಪುಸ್ತಕ ಕೇಳಿ ತಂದಿದ್ದರು. ಯಾವುದೋ ಚಳಿ ದೇಶದ ಪುಸ್ತಕ. ಗಟ್ಟಿ ರಟ್ಟು, ನುಣುಪು ಹಾಳೆ, ಹಾಳೆಯ ತುಂಬ ಚಿತ್ರ, ಕೆಳಗೆ ಒಂದೊಂದು ಸಾಲು ಇಂಗ್ಲಿಷು. ಒಂದು ಮನೆ, ಮನೆಯ ಮುಂದೆ ಒಂದು ದೊಡ್ಡ ಮರ, ಕೆಂಪು ಟೋಪಿಯ ಒಂದು ಹುಡುಗಿ. ಪುಟ ತಿರುಗಿಸಿದ ಹಾಗೆ ಮರದ ಎಲೆ ಹಳದಿಯಾಗುತ್ತದೆ, ಕಿತ್ತಳೆಯಾಗುತ್ತದೆ, ಕೆಂಪಾಗುತ್ತದೆ, ಉದುರುತ್ತದೆ. ನಾವು ಅದಕ್ಕೆ ಎಲೆ ಬುಕ್ಕು ಎಂದು ಹೆಸರಿಟ್ಟೆವು. ಟೀಚರು ಆ ಇಂಗ್ಲಿಷನ್ನು ನಮಗೆ ಓದಿ ಹೇಳಲೇ ಇಲ್ಲ. ಮೊದಲ ಚಿತ್ರ ತೋರಿಸಿ, "ಎಂತ ಉಂಟು ಇಲ್ಲಿ? ಹೇಳಿ ನೋಡುವ" ಎಂದರು. ನಾವು ಹೇಳಿದೆವು. ಹೇಳಿದ್ದರಲ್ಲಿ ಒಂದನ್ನು ಬಿಳಿ ಕಾಗದದ ಪಟ್ಟಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದು, ಮೈದಾ ಅಂಟು ಹಚ್ಚಿ, ಆ ಇಂಗ್ಲಿಷಿನ ಮೇಲೆ ಅಂಟಿಸಿದರು. ಹುಳ ಹಿಡಿಯದಿರಲೆಂದು ಅಂಟಿಗೆ ಎಸ್ಟೇಟಿನ ಔಷಧಿ ಕೋಣೆಯಿಂದ, ಕಾಫಿ ಗಿಡಕ್ಕೆ ಮದ್ದಾಗಿ ಹೊಡೆಯುವ ಮೈಲುತುತ್ತವನ್ನು ಒಂದು ಚಿಟಿಕೆ ತರಿಸಿ ಹಾಕುತ್ತಿದ್ದರು. ಹಾಗಾಗಿ ನಮ್ಮ ಅಂಟಿಗೆ ತುಸು ನೀಲಿ ಬಣ್ಣ.

ಎಲೆ ಕಿತ್ತಳೆ ಬಣ್ಣಕ್ಕೆ ತಿರುಗಿದ ಪುಟ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಇಡೀ ತರಗತಿ ಗಪ್‌ಚಿಪ್. ಟೀಚರಿಗೆ ಅರ್ಥವಾಗಲಿಲ್ಲ. "ಚಂದ ಇಲ್ವಾ?" ಎಂದರು. ನಾನು ಕೈ ಎತ್ತಿ, "ಮರಕ್ಕೆ ತುಕ್ಕು ಬಂದದೆ ಟೀಚರ್. ಇನ್ನು ರೈಟರ್ ಬೈತಾರೆ" ಎಂದೆ. ಎಲ್ಲರೂ ತಲೆಯಾಡಿಸಿದರು. ನಮಗೆ ಗೊತ್ತಿದ್ದ ಕಿತ್ತಳೆ ಎಲೆ ಒಂದೇ: ಕಾಫಿ ಗಿಡಕ್ಕೆ ತುಕ್ಕು ರೋಗ ತಗುಲಿ, ಎಲೆಯ ಹಿಂದೆ ಕಿತ್ತಳೆ ಪುಡಿ ಕೂತು, ಗಿಡವೇ ಬೋಳಾಗುವುದು. ಹಾಗಾದ ವರ್ಷ ದೊಡ್ಡವರ ಮುಖ ಹೇಗಿರುತ್ತಿತ್ತು ಎಂಬುದು ಲೈನಿನ ಮಕ್ಕಳಿಗೆಲ್ಲ ಗೊತ್ತಿತ್ತು. ಟೀಚರು ನಗಲಿಲ್ಲ. ತಪ್ಪು ಎಂದೂ ಹೇಳಲಿಲ್ಲ. ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು ಅಂಟಿಸಿದರು. ಆಮೇಲೆ, ಅಂಟು ಒಣಗುತ್ತಿರುವಾಗ, ಆ ದೇಶದಲ್ಲಿ ಚಳಿ ಶುರುವಾಗುವ ಮೊದಲು ಎಲ್ಲ ಮರಗಳೂ ಹೀಗೆಯೇ, ರೋಗವಿಲ್ಲದೆ, ಒಟ್ಟಿಗೇ ಎಲೆ ಬಿಡುತ್ತವೆ, ಮತ್ತೆ ಚಿಗುರುತ್ತವೆ ಎಂದು ಹೇಳಿದರು. ನಮಗೆ ಪೂರ್ತಿ ನಂಬಿಕೆ ಬರಲಿಲ್ಲ. ಟೀಚರು ನಮ್ಮನ್ನು ಸಮಾಧಾನ ಮಾಡುತ್ತಿದ್ದಾರೆ ಎಂದುಕೊಂಡೆವು.

ಇನ್ನೊಂದು ಅಭ್ಯಾಸ ಇತ್ತು ಅವರದು. ಚಿತ್ರದ ಹುಡುಗಿಗೆ ಹೇಗನ್ನಿಸುತ್ತಿದೆ ಎಂದು ಕೇಳುತ್ತಿದ್ದರು. ನಮ್ಮಲ್ಲಿ ಯಾರು ಉತ್ತರ ಹೇಳಿದರೂ ಒಂದೇ: ಬೇಜಾರು. ಲೈನಿನಲ್ಲಿ ಎಲ್ಲಕ್ಕೂ ಅದೊಂದೇ ಸಾಕಾಗುತ್ತಿತ್ತು. ಟೀಚರು ಅಷ್ಟಕ್ಕೆ ಬಿಡುತ್ತಿರಲಿಲ್ಲ. "ಬೇಜಾರು ಎಲ್ಲಿ ಉಂಟು? ಹೊಟ್ಟೆಯಲ್ಲಾ, ಎದೆಯಲ್ಲಾ, ತಲೆಯಲ್ಲಾ? ಕೈ ಇಟ್ಟು ತೋರ್ಸಿ" ಎನ್ನುತ್ತಿದ್ದರು. ಮೊದಮೊದಲು ನಮಗೆ ಅದು ಆಟ. ಹಿಂದಿನ ದಿನ ಅಪ್ಪನಿಂದ ಬೆತ್ತದೇಟು ತಿಂದಿದ್ದ ಒಬ್ಬ ತನ್ನ ಚಡ್ಡಿಯ ಹಿಂಭಾಗಕ್ಕೆ ಕೈ ಇಟ್ಟು ತೋರಿಸಿದ. ಟೀಚರೂ ಸೇರಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆದರೆ ನಿಧಾನಕ್ಕೆ ಅದು ಆಟವಾಗಿ ಉಳಿಯಲಿಲ್ಲ. ಬೆಳಿಗ್ಗೆ ಬಂದ ಕೂಡಲೇ ಯಾರೋ ಒಬ್ಬಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಿಲ್ಲುವಳು. ಟೀಚರು ಅವಳನ್ನು ಹತ್ತಿರ ಕೂರಿಸಿಕೊಳ್ಳುವರು. ಏನಾಯಿತು, ಯಾಕಾಯಿತು ಏನೂ ಕೇಳುತ್ತಿರಲಿಲ್ಲ. ಓದುವುದು ಅಂದರೆ ಅಕ್ಷರ ಮಾತ್ರ ಅಲ್ಲ, ಪಕ್ಕದಲ್ಲಿ ಕೂತವರ ಮುಖವನ್ನೂ ಓದಬೇಕು ಎಂಬುದನ್ನು ಅವರು ಬಾಯಲ್ಲಿ ಹೇಳಿದ್ದು ನನಗೆ ನೆನಪಿಲ್ಲ. ಆದರೆ ನಾನು ಕಲಿತದ್ದು ಅಲ್ಲೇ.

ಪಿಕ್ಕಿಂಗ್ ಮುಗಿಯುತ್ತ ಬಂತು. ರೊಬಸ್ಟಾ ಕಾಫಿಯ ಸಾಲುಗಳಲ್ಲಿ ಉದುರು ಹಣ್ಣು ಹೆಕ್ಕುವ ಕೆಲಸ ಮಾತ್ರ ಉಳಿದಿತ್ತು. ಒಂದು ಸಂಜೆ ಟೀಚರು ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಮ್ಮ ಲೈನಿಗೇ ಬಂದರು. ಟೀಚರು ಮನೆಗೆ ಬರುವುದೆಂದರೆ ಪೊಲೀಸು ಬಂದ ಹಾಗೆ; ಅವ್ವ ಗಾಬರಿಯಾಗಿ ಬೆಲ್ಲದ ಕಾಫಿಗೆ ನೀರಿಟ್ಟಳು. ಅಪ್ಪ ಎದ್ದು ನಿಂತವನು ಕೂರಲೇ ಇಲ್ಲ. ಅತ್ತೆ ಮಾತ್ರ ಬಾಗಿಲ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದಳು, ಹಾಗೇ ಇದ್ದಳು. ಟೀಚರು ನನ್ನ ಕಡೆ ಕೈ ತೋರಿಸಿ, ಸುತ್ತು ಬಳಸದೆ ಹೇಳಿದರು: ಭಾಗ್ಯ ಚುರುಕಿದ್ದಾಳೆ, ಆದರೆ ವರ್ಷವರ್ಷ ಹೀಗೆ ಅರ್ಧಕ್ಕೇ ಕರೆದುಕೊಂಡು ಹೋದರೆ ಓದಿದ್ದು ತಲೆಯಲ್ಲಿ ಉಳಿಯುವುದಿಲ್ಲ. ಈ ಸಲ ಮಳೆಗಾಲ ಇವಳು ಇಲ್ಲೇ ಇರಲಿ.

"ಇಲ್ಲೇ ಅಂದ್ರೆ? ಯಾರ್ ತಾವ?" ಎಂದಳು ಅತ್ತೆ. "ನಾವು ಮರದ್ ಮೇಲಿನ್ ಕೋತಿ ಅಲ್ಲ ಟೀಚರಮ್ಮ, ಮರಿಯ ಒಂದ್ ಕೊಂಬೇಲಿ ಬುಟ್ಟು ಇನ್ನೊಂದ್ ಕೊಂಬೆಗೆ ಹಾರಕೆ. ಅಲ್ದೆ ನಮ್ಮ ಮನೇಲಿ ಓದು ಹತ್ತಲ್ಲ."

"ಹತ್ತಿದೆ. ಓದ್ತಾಳೆ. ಕೇಳಿ ನೀವೇ" ಎಂದು ಟೀಚರು ಪುಸ್ತಕ ಬಿಚ್ಚಿ ಅತ್ತೆಯ ಮುಂದೆ ಇಟ್ಟರು. ಬಿಚ್ಚಿದ್ದು ಆ ಕಿತ್ತಳೆ ಪುಟವೇ. ಅತ್ತೆ ಒಂದು ಸಲ ಬಗ್ಗಿ ನೋಡಿದವಳೇ ಹೌಹಾರಿ, "ಅಯ್ಯೋ ಶಿವನೇ, ಯಾವ ಎಸ್ಟೇಟು ಇದು? ತುಕ್ಕು ಈ ಪಾಟಿ ಹೊಡ್ದದೆ! ಮದ್ದು ಹೊಡ್ಸಿಲ್ವ?" ಎಂದಳು. ಟೀಚರು ನಗು ತಡೆದುಕೊಂಡು, "ಹೊಡ್ಸಿದ್ದೇನೆ ಪುಟ್ಟತಾಯಮ್ಮ. ಅಂಟಿನಲ್ಲೇ ಉಂಟು ಮೈಲುತುತ್ತ" ಎಂದರು. ಒಲೆಯ ಹತ್ತಿರದಿಂದ ಅವ್ವ ಕಿಸಕ್ಕನೆ ನಕ್ಕುಬಿಟ್ಟಳು. ಅತ್ತೆ ತಿರುಗಿ ನೋಡಿದಳು, ನಗು ನಿಂತಿತು.

ನಾನು ಓದಿದೆ. ಮೊದಲ ಪುಟದಿಂದ ಕೊನೆಯವರೆಗೂ ಗಡಗಡನೆ, ಒಂದು ಕಡೆಯೂ ನಿಲ್ಲದೆ. ಅಪ್ಪನ ಮುಖ ಅರಳಿತು. ಅತ್ತೆ ಎಲೆ ಅಡಿಕೆಯನ್ನು ಅಂಗಳಕ್ಕೆ ಉಗಿದಳು, ಆಮೇಲೆ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು ನಡುವಿನ ಒಂದು ಪುಟ ತೆಗೆದು, ತನ್ನ ದೊಡ್ಡ ಅಂಗೈಯನ್ನು ಚಿತ್ರದ ಮೇಲೆ ಇಟ್ಟು ಮುಚ್ಚಿದಳು. "ಈಗ ಓದು."

ನಾನು ಬಗ್ಗಿ ನೋಡಿದೆ. ಕೆಳಗೆ ಅಕ್ಷರಗಳಿದ್ದವು, ಕಪ್ಪಗೆ, ಸಾಲಾಗಿ. ಆದರೆ ಚಿತ್ರವಿಲ್ಲದೆ ಅವು ನನ್ನನ್ನು ಗುರುತು ಹಿಡಿಯಲಿಲ್ಲ. ಅತ್ತೆ ಟೀಚರ ಮುಖ ನೋಡಿದಳು. ಅವಳಿಗೆ ಗೆದ್ದ ಸಂತೋಷವೇನೂ ಇರಲಿಲ್ಲ. "ಬುಟ್ಟಿ ಮೇಲ್ಗಡೆ ಕೆಂಪು ಹಣ್ಣು, ಒಳ್ಗೆ ಹಸ್ರು ಕಾಯಿ. ಬಾಯ್ಪಾಠ ಮಾಡವ್ಳೆ ಟೀಚರಮ್ಮ. ದಿನಾ ನೋಡ್ತೀನಲ್ಲ, ನಂಗೆ ಗೊತ್ತಾಗಕಿಲ್ವ?"

"ಹೌದು" ಎಂದರು ಟೀಚರು. ಅದೊಂದು ಮಾತು ಈಗಲೂ ನನ್ನನ್ನು ಬೆರಗುಗೊಳಿಸುತ್ತದೆ. ಅವರು ನನ್ನ ಪರ ವಾದ ಮಾಡಲಿಲ್ಲ. "ಹೌದು. ಈಗ ಚಿತ್ರ ಓದೋಕೆ ಬರ್ತದೆ. ಅಕ್ಷರ ಬರೋಕೆ ಒಂದು ಮಳೆಗಾಲ ಬೇಕು."

ನಾನು ಅಳಲು ಶುರು ಮಾಡಿದೆ. ಅತ್ತೆ ಅಭ್ಯಾಸದಂತೆ, "ಮುಚ್ಚು ಬಾಯಿ, ಯಾರ್ ಸತ್ರು ಈಗ?" ಎಂದಳು. ಟೀಚರು ಮಾತ್ರ ಶಾಲೆಯಲ್ಲಿ ಕೇಳುವಷ್ಟೇ ಮೆಲ್ಲಗೆ, "ಎಲ್ಲಿ ಮಗ?" ಎಂದು ಕೇಳಿದರು. ನಾನು ಗಂಟಲಿಗೆ ಕೈ ಇಟ್ಟುಕೊಂಡೆ. "ಇಲ್ಲಿ. ಊರಿಗೆ ಹೋದ್ರೆ ಎಲ್ಲಾ ಮರ್ತೋಯ್ತದೆ. ಪ್ರತಿ ಸಲ ಹಂಗೇ ಆಯ್ತದೆ. ಮರ್ಯಕೆ ಅಂತ್ಲೇ ಕಲ್ತಂಗೆ ಆಯ್ತದೆ." ನಮ್ಮ ಮನೆಯಲ್ಲಿ ಮಕ್ಕಳು ಅತ್ತಿದ್ದುಂಟು, ಚಂಡಿ ಹಿಡಿದಿದ್ದುಂಟು, ಏಟು ತಿಂದಿದ್ದುಂಟು, ಆದರೆ ಹೀಗೆ ಕೈ ಇಟ್ಟು, ನೋವು ಇಲ್ಲಿದೆ, ಕಾರಣ ಇದು ಎಂದು ಯಾರೂ ಹೇಳಿದ್ದಿಲ್ಲ. ದೊಡ್ಡವರೂ ಹೇಳಿದ್ದಿಲ್ಲ. ಅತ್ತೆ ನನ್ನ ಗಂಟಲನ್ನೇ ನೋಡುತ್ತ ಕೂತಳು. ಅವ್ವ ತಂದಿಟ್ಟ ಕಾಫಿ ತಣ್ಣಗಾಯಿತು. ಟೀಚರು ಪುಸ್ತಕ ಎತ್ತಿಕೊಂಡು, ಮತ್ತೇನೂ ಕೇಳದೆ ಹೊರಟುಹೋದರು.

ಯುಗಾದಿಗೆ ಮುಂಚೆ ಗಂಟು ಕಟ್ಟುವಾಗ ಅತ್ತೆ ತನ್ನ ಗಂಟು ಕಟ್ಟಲಿಲ್ಲ. ಅಪ್ಪ ಕೇಳಿದ್ದಕ್ಕೆ, "ನೀವ್ ಹೋಗಿ. ಮಳೆಗಾಲಕ್ಕೆ ಗಿಡದ್ ಹೆಚ್ಚಿನ್ ಚಿಗುರು ತಗ್ಯ ಕೆಲ್ಸ ಅದೆಯಂತೆ, ರೈಟರ್ ತಾವ ಮಾತಾಡಿವ್ನಿ" ಎಂದಳು. ಊರಿನ ಹಬ್ಬ ತಪ್ಪಿಸದವಳು, ಊರ ಬಾವಿಯ ನೀರು ಕುಡಿದರೇ ತನಗೆ ದಾಹ ತೀರುವುದು ಎನ್ನುತ್ತಿದ್ದವಳು. ಅವಳು ನನ್ನ ಹೆಸರೆತ್ತಲಿಲ್ಲ, ಓದಿನ ಹೆಸರೂ ಎತ್ತಲಿಲ್ಲ. "ಇವ್ಳು ನನ್ ಜೊತೆಗೆ ಇರ್ಲಿ, ಒಲೆ ಹಚ್ಚಕೊಬ್ರು ಬೇಕಲ್ಲ" ಎಂದಳು, ಅಷ್ಟೆ. ಅವ್ವ ಆ ರಾತ್ರಿ ನನ್ನ ತಲೆಗೆ ಬಹಳ ಹೊತ್ತು ಎಣ್ಣೆ ತಿಕ್ಕಿದಳು.

ಸಿದ್ದಾಪುರದ ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ಹತ್ತಿಸಿದೆವು. ಲೈನಿನ ಅರ್ಧ ಜನ ಆ ಬಸ್ಸಿನಲ್ಲಿದ್ದರು, ಉಳಿದವರು ಆಗಲೇ ಹೊರಟುಹೋಗಿದ್ದರು. ಮಾದೇಶ ಕಿಟಕಿಯಿಂದ ನನಗೆ ನಾಲಿಗೆ ಚಾಚಿ ಅಣಕಿಸಿದ. ಬಸ್ಸು ಹೊರಟಾಗ ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು. ನಾನು ಓಡಿಹೋಗದಿರಲಿ ಎಂದು ಹಿಡಿದಿದ್ದಾಳೆ ಎಂದು ಆಗ ನಾನು ತಿಳಿದಿದ್ದೆ. ವಾಪಸು ಬಂದಾಗ ಲೈನು ಖಾಲಿಯಾಗಿತ್ತು. ಒಗ್ಗರಣೆಯ ವಾಸನೆ ಇಲ್ಲ, ಜಗಳ ಇಲ್ಲ. ನಲ್ಲಿಯ ಕೆಳಗೆ ಯಾರೋ ಬಿಟ್ಟುಹೋದ ಒಂದು ಪ್ಲಾಸ್ಟಿಕ್ ಬಳೆ ಬಿದ್ದಿತ್ತು.

ಜೂನ್‌ನಲ್ಲಿ ಶಾಲೆ ತೆರೆದಾಗ ಮೊದಲ ದಿನವೇ ಶಾಲೆಯಲ್ಲಿದ್ದೆ, ನನ್ನ ಬಾಳಿನಲ್ಲಿ ಮೊದಲ ಬಾರಿಗೆ. ದೇವಕಿ ಟೀಚರು ಶನಿವಾರ ಎಲೆ ಬುಕ್ಕನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನನ್ನ ಕೈಗೆ ಕೊಡುತ್ತಿದ್ದರು. ಸೋಮವಾರ ವಾಪಸು ತರಬೇಕು. ಭಾನುವಾರ ಮಧ್ಯಾಹ್ನ ಅತ್ತೆ ಕಾಲಿನ ಜಿಗಣೆಗಳಿಗೆ ಸುಣ್ಣ ಹಚ್ಚಿ ಉದುರಿಸಿ, ಒಲೆಯ ಮುಂದೆ ಮೈ ಕಾಯಿಸುತ್ತ ಕೂತು, "ತಗಿ ಆ ಬುಕ್ಕ" ಎನ್ನುತ್ತಿದ್ದಳು. ಅದೇ ಪರೀಕ್ಷೆ. ಪುಟ ತೆಗೆಯುವುದು, ಚಿತ್ರದ ಮೇಲೆ ಅಂಗೈ ಇಟ್ಟು ಮುಚ್ಚುವುದು. ಒಂದು ಅಕ್ಷರ ಗೊತ್ತಾಗುತ್ತಿತ್ತು, ಪಕ್ಕದ್ದು ಗೊತ್ತಾಗುತ್ತಿರಲಿಲ್ಲ. ಅವಳು ಹಂಗಿಸುತ್ತಲೂ ಇರಲಿಲ್ಲ, ಹೊಗಳುತ್ತಲೂ ಇರಲಿಲ್ಲ. ತಪ್ಪಿದರೆ ಪುಸ್ತಕ ಮುಚ್ಚಿ, "ಸರಿ, ಮೆಣಸಿನಕಾಯಿ ಅರಿ" ಎನ್ನುತ್ತಿದ್ದಳು. ಆ ಒಲೆಯ ಬೆಳಕು, ಒದ್ದೆ ಕಂಬಳಿಯ ಕುರಿ ವಾಸನೆ, ಹಂಚಿನ ಮೇಲೆ ಸುಡುತ್ತಿದ್ದ ಒಣಮೀನು, ನಮ್ಮಿಬ್ಬರ ನಡುವೆ ಆ ಚಳಿ ದೇಶದ ಮರ. ಒಮ್ಮೊಮ್ಮೆ ಅನ್ನಿಸುತ್ತದೆ, ನನಗೆ ಯಾರಾದರೂ ಒಂದು ಮಧ್ಯಾಹ್ನವನ್ನು ವಾಪಸು ಕೊಡುತ್ತೇನೆ ಎಂದರೆ ನಾನು ಬೇರೆ ಏನನ್ನೂ ಕೇಳುವುದಿಲ್ಲ.

ಒಂದು ಭಾನುವಾರ ಅವಳ ಕೈ ಸ್ವಲ್ಪ ಕೆಳಗೆ ಜಾರಿತ್ತು. ಚಿತ್ರದ ಜೊತೆಗೆ ಪಟ್ಟಿಯ ತುದಿಯನ್ನೂ ಮುಚ್ಚಿತ್ತು. ನಾನು ಬಗ್ಗಿ ನೋಡಿ, ತಡವರಿಸಿ, ಸಿಟ್ಟಿನಿಂದ, "ಬೆಳ್ಳು ತಗಿ ಅತ್ತೆ, ಅಕ್ಷರದ್ ಮೇಲದೆ" ಎಂದೆ.

ಅತ್ತೆ ನನ್ನನ್ನು ನೋಡಿದಳು. ಆಮೇಲೆ ತನ್ನ ಬೆರಳನ್ನು ನೋಡಿದಳು. ಬಾಯಿಪಾಠ ಹೇಳುವವಳಿಗೆ ಬೆರಳು ಎಲ್ಲಿದ್ದರೇನು? ಕಾಣದ ಅಕ್ಷರ ನನಗೆ ಬೇಕಾಗಿತ್ತು. ಅವಳು ಆ ಕಪ್ಪು, ದಪ್ಪ ಬೆರಳನ್ನು ಅಕ್ಷರದಿಂದ ಮೆಲ್ಲಗೆ, ತುಂಬ ಮೆಲ್ಲಗೆ ಸರಿಸಿದಳು, ಮಲಗಿದ ಮಗುವಿನ ತಲೆಯಡಿಯಿಂದ ತೋಳು ಎಳೆದುಕೊಳ್ಳುವ ಹಾಗೆ. ನಾನು ಓದಿದೆ. ಮುಂದಿನ ಪುಟವನ್ನು ಅವಳೇ ತಿರುಗಿಸಿದಳು. ಅದನ್ನೂ ಓದಿದೆ. ಆ ದಿನ ಮೆಣಸಿನಕಾಯಿ ಅವಳೇ ಅರೆದಳು.

ಆ ಪುಸ್ತಕದಲ್ಲಿ ಒಂದು ಪುಟಕ್ಕೆ ಮಾತ್ರ ಪಟ್ಟಿ ಇರಲಿಲ್ಲ. ಆ ಪುಟದಲ್ಲಿ ಕೆಂಪು ಟೋಪಿಯ ಹುಡುಗಿ ಗೇಟಿನ ಹತ್ತಿರ ಬೆನ್ನು ಮಾಡಿ ನಿಂತಿದ್ದಾಳೆ. ದೂರದಲ್ಲಿ ಹಕ್ಕಿಗಳು ಸಾಲಾಗಿ ಹಾರಿಹೋಗುತ್ತಿವೆ. ಮುಖ ಕಾಣದ್ದರಿಂದ ಶಾಲೆಯಲ್ಲಿ ನಮಗೆ ಯಾವ ಉತ್ತರವೂ ಹೊಳೆದಿರಲಿಲ್ಲ. ನಾನು ಟೀಚರ ಹಾಗೆಯೇ ದನಿ ಮಾಡಿ, "ಈ ಮಗೀಗೆ ಬೇಜಾರು ಎಲ್ಲದೆ, ಅತ್ತೆ?" ಎಂದು ಕೇಳಿದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಚಿತ್ರವನ್ನು ಒಲೆಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಕಾಲ್ನಲ್ಲಿ" ಎಂದಳು.

"ಕಾಲ್ನಲ್ಲಾ?"

"ಹೂಂ. ಎಲ್ರೂ ಹೊಂಟೋದಾಗ ನಿಂತ್ಕಂಡವ್ರಿಗೆ ಕಾಲಲ್ಲೇ ಆಗದು. ಓಡದಾ, ಇರದಾ ಅಂತ. ನಿಂಗ್ ಗೊತ್ತಾಗಕಿಲ್ಲ ಬುಡು."

ಅವಳು ಗಂಡನನ್ನು ನೆನೆದಳೋ, ಊರನ್ನೋ, ಆ ಬಸ್ಸನ್ನೋ ನಾನು ಕೇಳಲಿಲ್ಲ. ಸೋಮವಾರ ಟೀಚರಿಗೆ ಹೇಳಿದೆ. ಅವರು ಒಂದು ಬಿಳಿ ಪಟ್ಟಿ ಕತ್ತರಿಸಿ ನನ್ನ ಮುಂದೆ ಇಟ್ಟು, "ನೀನೇ ಬರಿ. ನಿನ್ನತ್ತೆ ಹೇಳಿದ ಹಾಗೇ ಬರಿ" ಎಂದರು. ಅಕ್ಷರ ದೊಡ್ಡದು ಚಿಕ್ಕದಾಗಿ, ಸಾಲು ಮೇಲಕ್ಕೆ ಹತ್ತಿ, ಹೇಗೋ ಬರೆದೆ. ನಾನು ನನ್ನ ಬಾಳಿನಲ್ಲಿ ಯಾರದ್ದನ್ನೂ ನೋಡದೆ ಬರೆದ ಮೊದಲ ಸಾಲು ಅದು. ಅದು ನನ್ನದಲ್ಲ, ಅತ್ತೆಯದು. ಅಂಟು ಹಚ್ಚಿ ಒತ್ತುವಾಗ ಪಕ್ಕದಲ್ಲಿ ಸ್ವಲ್ಪ ನೀಲಿ ಅಂಟು ಉಕ್ಕಿ ಬಂತು. ಟೀಚರು ಸೆರಗಿನ ತುದಿಯಿಂದ ಒರೆಸಿದರು.

ಆಮೇಲಿನದ್ದು ಸುಲಭವಾಗಿತ್ತು ಎಂದು ನಾನು ಹೇಳಿದರೆ ಸುಳ್ಳು. ಅತ್ತೆ ಮತ್ತೆ ಮತ್ತೆ ಮಳೆಗಾಲ ಅಲ್ಲೇ ಉಳಿದಳು. ಹೈಸ್ಕೂಲಿಗೆಂದು ನನ್ನನ್ನು ಹಾಸ್ಟೆಲಿಗೆ ಹಾಕಿದರು. ಇಂಗ್ಲಿಷು ಒಂದು ಸಲ ಪರೀಕ್ಷೆಯಲ್ಲಿ ನನಗೆ ಮಣ್ಣು ಮುಕ್ಕಿಸಿತು; ಮನೆಗೆ ಬಂದು ಮುಖ ಮುಚ್ಚಿಕೊಂಡು ಮಲಗಿದ್ದಾಗ ಅತ್ತೆ, "ತುಕ್ಕು ಬಂದ ಗಿಡನ ಕಿತ್ತಾಕ್ತಾರಾ? ಎದ್ದೇಳು" ಎಂದು ಕಂಬಳಿ ಎಳೆದು ಎಬ್ಬಿಸಿದಳು. ರಜೆಯಲ್ಲಿ ಅವಳ ಸಾಲಿನಲ್ಲೇ ಹಣ್ಣು ಕಿತ್ತೆ. ನನ್ನ ಬುಟ್ಟಿಯನ್ನೂ ಅವಳು ಬುಡಮೇಲು ಮಾಡಿ ನೋಡುತ್ತಿದ್ದಳು. ಕಾಲೇಜು ಹುಡುಗಿ ಎಂದು ರಿಯಾಯಿತಿ ಇರಲಿಲ್ಲ.

ಈಗ ಆ ಲೈನು ಇಲ್ಲ. ಕೆಡವಿ, ಅಲ್ಲಿ ಕಾಫಿ ಗಿಡ ಹಾಕಿದ್ದಾರೆ. ನಲ್ಲಿಯಿದ್ದ ಜಾಗದಲ್ಲಿ ಮಾತ್ರ ಒಂದು ಸಿಮೆಂಟು ಕಟ್ಟೆ ಉಳಿದಿದೆ. ಮಕ್ಕಳಿಲ್ಲದೆ ಶಾಲೆ ಮುಚ್ಚಿತು. ದೇವಕಿ ಟೀಚರಿಗೆ ಅದಕ್ಕೂ ಎಷ್ಟೋ ಮೊದಲೇ ವರ್ಗವಾಗಿತ್ತು. ಅವರು ಈಗ ಎಲ್ಲಿದ್ದಾರೋ. ಎಲೆ ಬುಕ್ಕು ಏನಾಯಿತು ಎಂದು ಯಾರಿಗೂ ಗೊತ್ತಿಲ್ಲ. ಈಗ ಪಿಕ್ಕಿಂಗಿಗೆ ಅಸ್ಸಾಮಿನಿಂದ ಜನ ಬರುತ್ತಾರೆ, ಅವರ ಮಕ್ಕಳು ನನ್ನ ತರಗತಿಯ ಬಾಗಿಲಲ್ಲಿ ನಿಲ್ಲುತ್ತಾರೆ. ಅವರ ಭಾಷೆ ನನಗೆ ಬಾರದು, ನನ್ನದು ಅವರಿಗೆ ಬಾರದು. ಚಿತ್ರ ತೋರಿಸಿ ಎಲ್ಲಿ ಎಂದು ಕೇಳುತ್ತೇನೆ. ಕೈ ಇಟ್ಟು ತೋರಿಸುತ್ತಾರೆ. ಪುಟ್ಟತಾಯತ್ತೆ ಕೊನೆಗೆ ಊರಿಗೇ ಹೋದಳು. ತನ್ನ ಬಾವಿಯ ನೀರು ಕುಡಿದುಕೊಂಡು ಕೆಲವು ಕಾಲ ಇದ್ದಳು, ಒಂದು ಬೆಳಿಗ್ಗೆ ಅಂಗಳ ಗುಡಿಸಿ ಬಂದು ಒಲೆಯ ಮುಂದೆ ಕೂತವಳು ಏಳಲಿಲ್ಲ. ಸುದ್ದಿ ಬಂದಾಗ ನಾನು ಶಾಲೆಯಲ್ಲಿದ್ದೆ. ಮಕ್ಕಳು ನನ್ನ ಮುಖ ನೋಡಿ ಏನೂ ಕೇಳದೆ ಬಂದು ಸುತ್ತ ಕೂತರು.

ಆದರೆ ಅದಕ್ಕಿಂತ ಮೊದಲಿನ ಒಂದು ದಿನ ಇದೆ. ನಾನು ಇದನ್ನೆಲ್ಲ ಬರೆಯಲು ಕೂತದ್ದೇ ಆ ದಿನಕ್ಕಾಗಿ. ವಿರಾಜಪೇಟೆಯ ಕಾಲೇಜಿನವರು, ನನ್ನ ಪದವಿ ಪತ್ರ ಬಂದಿದೆ, ಬಂದು ತೆಗೆದುಕೊಂಡು ಹೋಗಿ ಎಂದು ಹೇಳಿ ಕಳಿಸಿದ್ದರು. ಅತ್ತೆ ತಾನೂ ಬರುತ್ತೇನೆಂದಳು. ಮದುವೆಗೆ ಉಡುವ ಹಸಿರು ಸೀರೆ ಉಟ್ಟು, ಸಿದ್ದಾಪುರದಲ್ಲಿ ಬಸ್ಸು ಹತ್ತುವ ಮೊದಲು ಎಲೆ ಅಡಿಕೆ ಉಗಿದು ಬಾಯಿ ಮುಕ್ಕಳಿಸಿಕೊಂಡಳು. ಕಾಲೇಜಿನ ಆಫೀಸಿನಲ್ಲಿ ಸಮಾರಂಭ ಏನೂ ಇರಲಿಲ್ಲ. ಕನ್ನಡಕದ ಒಬ್ಬರು ಕಿಟಕಿಯಿಂದ ಹೆಸರು ಕೇಳಿದರು, ಸಹಿ ಹಾಕಿಸಿಕೊಂಡರು, ಪತ್ರವನ್ನು ಹೊರಗೆ ಚಾಚಿದರು. ನಾನು ಕೈ ಚಾಚಲಿಲ್ಲ. "ಇವರ ಕೈಗೆ ಕೊಡಿ ಸಾರ್" ಎಂದೆ. ಅವರು ಒಂದು ಸಲ ನನ್ನನ್ನೂ ಒಂದು ಸಲ ಅತ್ತೆಯನ್ನೂ ನೋಡಿ, ಎದ್ದು ನಿಂತು, ಎರಡು ಕೈಯಲ್ಲಿ ಅವಳಿಗೆ ಕೊಟ್ಟರು.

ಅತ್ತೆ ಅಂಗೈಗಳನ್ನು ಸೀರೆಗೆ ಒರೆಸಿಕೊಂಡು ತೆಗೆದುಕೊಂಡಳು. ಓದಲಾರಳು, ಬಗ್ಗಿ ನೋಡಲೂ ಇಲ್ಲ. ಸಂಜೆ ಕಾಫಿ ಹಣ್ಣು ತೂಗುವ ಮೊದಲು ಮೂಟೆಯನ್ನು ಅಂದಾಜು ಮಾಡುವವಳ ಹಾಗೆ, ಆ ಕಾಗದವನ್ನು ಒಂದು ಸಲ ಮೇಲೆತ್ತಿ ಇಳಿಸಿದಳು.

"ಇಷ್ಟೇನಾ? ಇಷ್ಟ್ ಹಗುರ್ದ ಎತ್ತಕೆ ನಿಂಗೆ ಇಷ್ಟ್ ವರ್ಷ ಬೇಕಾಯ್ತಾ, ಮಾರಾಯ್ತಿ?" ಎಂದಳು. ನಾನು ನಕ್ಕು, ವಾಪಸು ತೆಗೆದುಕೊಳ್ಳಲು ಕೈ ಚಾಚಿದ್ದಕ್ಕೆ ಅವಳು ಕೊಡಲಿಲ್ಲ. ಅದನ್ನು ಎದೆಗೆ ಒತ್ತಿ ಹಿಡಿದು ಸೆರಗು ಹೊದಿಸಿಕೊಂಡಳು.

"ಬಸ್ ಸ್ಟ್ಯಾಂಡ್ ಗಂಟ ನಾನೇ ಹೊತ್ಕತೀನಿ, ನಡಿ. ನಿಂಗೆ ಸುಸ್ತಾಗಿರ್ತದೆ."